ನಾಡಿಗ: ಒಂದು ವಿರಳ ಮನೆತನದ ಹೆಸರಿನ ವಿವೇಚನೆ

ಇತಿಹಾಸದ ಆಕರಗಳೆಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸಿಗೆ ಬರುವುವು ಶಿಲಾಶಾಸನ, ತಾಮ್ರಪಟ, ನಾಣ್ಯ, ಕಾವ್ಯ ಮತ್ತು ಪ್ರವಾಸಿಗರ ಬರಹಗಳು. ಪ್ರತಿದಿನ ತರಗತಿಯಲ್ಲಿ ಹಾಜರಿ ಕರೆಯುವಾಗ ನಮ್ಮ ಬಾಯಿಂದಲೇ ಹೊರಡುವ ಮನೆತನದ ಹೆಸರುಗಳೂ ಆಕರಗಳೇ ಎಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಶಿವಮೊಗ್ಗ ಮತ್ತು ಭದ್ರಾವತಿಗಳ ಹಾಜರಿ ಪುಸ್ತಕಗಳಲ್ಲಿ ಗೌಡ, ಹೆಗಡೆ, ಭಟ್ಟ, ಜೋಯಿಸ, ನಾಯ್ಕ ಎಂಬ ಹೆಸರುಗಳು ಮತ್ತೆ ಮತ್ತೆ ಸಿಕ್ಕುತ್ತವೆ. ನಾಡಿಗ ಎಂಬ ಹೆಸರು ಅಪರೂಪವಾಗಿ ಕಾಣುತ್ತದೆ. ಈ ಹೆಸರಿನ ಹುಟ್ಟು, ಅರ್ಥ ಮತ್ತು ವಿರಳತೆಗಳನ್ನು ಕುರಿತು ಇಲ್ಲಿ ಸಂಕ್ಷೇಪವಾಗಿ ವಿವೇಚಿಸಲು ಯತ್ನಿಸಿದ್ದೇವೆ. ಹೆಸರು ವಿರಳವಾದುದಕ್ಕೆ ಕಾರಣವು ಅದರ ಅರ್ಥದಲ್ಲಿಯೇ ಅಡಗಿದೆಯೆಂಬುದು ನಮ್ಮ ಮುಖ್ಯ ಪ್ರತಿಪಾದನೆ.

ಮೊದಲು ಶಬ್ದರೂಪವನ್ನು ನೋಡೋಣ. ‘ನಾಡಿ’ ಎಂಬ ಸಂಸ್ಕೃತ ಶಬ್ದದ ನೆನಪಿನಿಂದ ಈ ಮನೆತನದ ಹಿರಿಯರು ವೈದ್ಯರಾಗಿದ್ದಿರಬೇಕೆಂದು ಊಹಿಸುವುದು ಸುಲಭ. ಆದರೆ ಇದು ಕೇವಲ ಶಬ್ದಸಾಮ್ಯದಿಂದ ಉಂಟಾಗುವ ಭ್ರಮೆ. ಒಕ್ಕಲಿಗ, ಗಾಣಿಗ, ಕನ್ನಡಿಗ ಮೊದಲಾದ ಶಬ್ದಗಳಲ್ಲಿ ಕಾಣುವ ‘ಇಗ’ ಎಂಬ ತದ್ಧಿತ ಪ್ರತ್ಯಯವೇ ಇಲ್ಲಿಯೂ ‘ನಾಡು’ ಎಂಬ ಅಚ್ಚಗನ್ನಡ ಪ್ರಕೃತಿಗೆ ಸೇರಿದೆ. ಗಾಣದಿಂದ ಜೀವಿಸುವವನು ಗಾಣಿಗನಾದಂತೆ ನಾಡಿಗೆ ಸಂಬಂಧಪಟ್ಟವನು ನಾಡಿಗ. ಇದು ವ್ಯುತ್ಪತ್ತಿಯ ಅರ್ಥ. ರೂಢಿಯಲ್ಲಾದರೋ ಈ ಪದವು ನಾಡಿನ ನಿವಾಸಿಗಳೆಲ್ಲರಿಗೂ ಸಲ್ಲದೆ, ನಾಡಿನ ಲೆಕ್ಕಪತ್ರಗಳನ್ನು ನಿರ್ವಹಿಸುತ್ತಿದ್ದ ಒಬ್ಬ ಅಧಿಕಾರಿಗೆ ಮೀಸಲಾಯಿತು.

ಹಾಗಾದರೆ ನಾಡು ಎಂದರೇನು? ಇಂದು ಈ ಶಬ್ದವನ್ನು ನಾವು ದೇಶ, ರಾಜ್ಯ ಎಂಬ ವಿಶಾಲಾರ್ಥದಲ್ಲಿ ಬಳಸುತ್ತೇವೆ. ಶಾಸನಗಳ ಕಾಲದಲ್ಲಿ ಅದು ಊರಿಗಿಂತ ಮೇಲಿನ ಒಂದು ನಿರ್ದಿಷ್ಟ ಆಡಳಿತ ವಿಭಾಗವಾಗಿದ್ದಿತು. ಬನವಾಸಿ ಪನ್ನಿರ್ಚ್ಛಾಸಿರ, ಸಾಂತಳಿಗೆ ಸಾಸಿರ, ನಾಗರಖಂಡ ಎಪ್ಪತ್ತು, ಜಿಡ್ಡುಳಿಗೆ ಎಪ್ಪತ್ತು ಎಂಬ ಹೆಸರುಗಳು ನಮ್ಮ ಜಿಲ್ಲೆಯ ಶಾಸನಗಳನ್ನು ಓದಿದವರಿಗೆ ಪರಿಚಿತವಾದುವು. ಶಿವಮೊಗ್ಗ ನಗರದ ಒಂದು ಭಾಗವಾಗಿರುವ ಮಂಡ್ಲಿಯ ಹೆಸರಿನಲ್ಲಿ ಗಂಗರ ಶಾಸನಗಳಲ್ಲಿ ಬರುವ ಮಂಡಲಿ ಸಾಸಿರದ ನೆನಪು ಉಳಿದಿದೆ. ನಿತ್ಯವೂ ಆ ಬಡಾವಣೆಯನ್ನು ಹಾಯ್ದು ಕಾಲೇಜಿಗೆ ಬರುವ ವಿದ್ಯಾರ್ಥಿಯು ತಾನೊಂದು ಪ್ರಾಚೀನ ನಾಡಿನ ಮೂಲಸ್ಥಾನವನ್ನು ಹಾಯ್ದು ಬಂದೆನೆಂದು ತಿಳಿದರೆ ಅವನ ಇತಿಹಾಸ ಪಾಠಕ್ಕೆ ಬೇರೊಂದು ಜೀವ ಬರುವುದು.

ಈ ನಾಡುಗಳಿಗೆ ತಮ್ಮವೇ ಆದ ಅಧಿಕಾರಿಗಳಿದ್ದರು. ಸಮಾಸದಲ್ಲಿ ನಾಡು ಶಬ್ದವು ‘ನಾಳ್’ ಎಂದಾಗುವುದರಿಂದ ಶಾಸನಗಳಲ್ಲಿ ನಾಳ್ಗಾವುಂಡ, ನಾಳ್ಪ್ರಭು ಎಂಬ ರೂಪಗಳು ಬರುತ್ತವೆ. ನಾಡ ಹೆಗ್ಗಡೆ, ನಾಡ ಸೇನಬೋವ ಎಂಬ ಪ್ರಯೋಗಗಳೂ ಉಂಟು. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಪ್ರಸಿದ್ಧ ಶಾಸನವನ್ನು ಇಲ್ಲಿ ವಿಶೇಷವಾಗಿ ಸ್ಮರಿಸಬೇಕು. 10ನೆಯ ಶತಮಾನದ ಆರಂಭದಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಳ್ಳಲು, ಆ ಅಧಿಕಾರವು ಅವನ ಪತ್ನಿ ಜಕ್ಕಿಯಬ್ಬೆಗೆ ದೊರೆಯಿತು. ಆಕೆಯು ನಾಡನ್ನು ಸಮರ್ಥವಾಗಿ ಆಳಿ, ವ್ಯಾಧಿಗ್ರಸ್ತಳಾದಾಗ ಮಗಳನ್ನು ಕರೆಸಿ ತನ್ನದನ್ನು ಅವಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದಳು. ಸ್ತ್ರೀಯೊಬ್ಬಳ ಆಡಳಿತಕ್ಕೆ ನಿದರ್ಶನವೆಂದು ಈ ಶಾಸನವನ್ನು ಉದಾಹರಿಸುವುದು ವಾಡಿಕೆ. ನಮ್ಮ ಪ್ರಕೃತ ವಿಷಯಕ್ಕೆ ಅದರಿಂದ ಸಿಕ್ಕುವ ಸಾಕ್ಷ್ಯ ಬೇರೆ: ನಾಡಿನ ಅಧಿಕಾರವು ಒಬ್ಬ ವ್ಯಕ್ತಿಯ ನೌಕರಿಯಾಗಿ ಮುಗಿಯದೆ ಮನೆತನದಲ್ಲಿ ನಿಲ್ಲುವ ಪ್ರವೃತ್ತಿಯು ಅಷ್ಟು ಹಿಂದೆಯೇ ತೋರಿಬರುತ್ತದೆ.

ಹುದ್ದೆಯೊಂದು ಮನೆತನದ ಹೆಸರಾಗುವುದು ಒಮ್ಮೆಗೇ ಅಲ್ಲ. ಮೊದಲು ಅದು ಕೆಲಸ. ತಂದೆಯ ತರುವಾಯ ಮಗನು ಅದನ್ನೇ ನಡೆಸುತ್ತ ಬಂದಾಗ ಅದು ಹಕ್ಕು. ಅಣ್ಣತಮ್ಮಂದಿರು ಪಾಲಾಗಿ, ಹುದ್ದೆಯು ಒಬ್ಬನ ಕೈಯಲ್ಲಿಯೇ ಉಳಿದು, ಉಳಿದವರೂ ಅದರ ಗೌರವವನ್ನು ಬಿಡದೆ ಹೊತ್ತಾಗ ಅದು ಹೆಸರು. ವಿಜಯನಗರದ ಕಾಲದ ಆರಗದ ಹದಿನೆಂಟು ಕಂಪಣಗಳು, ಕೆಳದಿ ನಾಯಕರ ಕಾಲದ ಸೀಮೆ ಮಾಗಣಿಗಳು ಹೀಗೆ ವಿಭಾಗಗಳ ಹೆಸರು ಬದಲಾಗುತ್ತ ಬಂದರೂ, ಊರಿನ ಶಾನುಭೋಗನಿಗೂ ರಾಜಧಾನಿಯ ಬೊಕ್ಕಸಕ್ಕೂ ನಡುವೆ ಲೆಕ್ಕವನ್ನು ಕೂಡಿಸುವವನೊಬ್ಬನು ಬೇಕೇ ಇದ್ದನು. ಶಿವಪ್ಪನಾಯಕನು (1645–1660) ಭೂಮಿಯ ಗುಣವನ್ನೂ ಹಲವು ವರ್ಷಗಳ ಇಳುವರಿಯನ್ನೂ ನೋಡಿ ಕಂದಾಯವನ್ನು ಗೊತ್ತುಪಡಿಸಿದ ‘ಶಿಸ್ತು’ ಇಂತಹ ಲೆಕ್ಕಿಗರಿಲ್ಲದೆ ನಡೆಯುವಂತಹುದಲ್ಲ.

ಇನ್ನು ಹೆಸರಿನ ವಿರಳತೆ. ಇದಕ್ಕೆ ಮೂರು ಕಾರಣಗಳನ್ನು ಹೇಳಬಹುದು. ಮೊದಲನೆಯದು ಸರಳವಾದ ಗಣಿತ. ಪ್ರತಿ ಊರಿಗೂ ಒಬ್ಬ ಗೌಡ, ಒಬ್ಬ ಶಾನುಭೋಗ. ಅನೇಕ ಊರುಗಳು ಕೂಡಿದ ನಾಡಿಗೆ ಒಬ್ಬನೇ ನಾಡಿಗ. ನಾಗರಖಂಡದ ಎಪ್ಪತ್ತು ಎಂಬ ಸಂಖ್ಯೆಯನ್ನು, ಹಲವು ವಿದ್ವಾಂಸರು ತಿಳಿಯುವಂತೆ, ಊರುಗಳ ಎಣಿಕೆಯೆಂದು ಇಟ್ಟುಕೊಂಡರೆ ಎಪ್ಪತ್ತು ಗೌಡರ ಮನೆಗಳಿದ್ದೆಡೆ ನಾಡಿನ ಅಧಿಕಾರಿಯ ಮನೆ ಒಂದೇ ಆಗುವುದು. ಎತ್ತರದ ಹುದ್ದೆಯಿಂದ ಬಂದ ಹೆಸರು ಸ್ವಭಾವತಃ ವಿರಳ.

ಎರಡನೆಯ ಕಾರಣ ಆಡಳಿತದ ಇತಿಹಾಸದಲ್ಲಿದೆ. 1763ರಲ್ಲಿ ಬಿದನೂರು ಹೈದರನ ವಶವಾಯಿತು. 1799ರ ನಂತರ ಪ್ರದೇಶವು ಮೈಸೂರು ಸಂಸ್ಥಾನಕ್ಕೆ ಸೇರಿತು. 1831ರಲ್ಲಿ ಬ್ರಿಟಿಷ್ ಕಮಿಷನರರ ಆಡಳಿತ ಬಂದಿತು. ಈ ಪರಿವರ್ತನೆಗಳಲ್ಲಿ ತಾಲ್ಲೂಕು ಕಚೇರಿಯೂ ಅಲ್ಲಿನ ಅಮಲ್ದಾರ, ಶಿರಸ್ತೇದಾರರೂ ಬಲಗೊಂಡು ಹಳೆಯ ನಾಡಿನ ಅಧಿಕಾರಿಗಳ ಕೆಲಸ ಕುಗ್ಗಿತು. ಊರಿನ ಪಟೇಲ ಶಾನುಭೋಗರಾದರೋ ಮುಂದೆಯೂ ಉಳಿದುಕೊಂಡರು. ಅವರ ವಂಶಪಾರಂಪರ್ಯ ಹುದ್ದೆಗಳು ರದ್ದಾದುದು 1961ರ ಗ್ರಾಮಾಧಿಕಾರಿಗಳ ರದ್ದತಿ ಕಾಯಿದೆಯು 1963ರಲ್ಲಿ ಜಾರಿಗೆ ಬಂದಾಗ. ನಾಡಿಗನೆಂಬ ಹೆಸರು ಅದಕ್ಕೆ ಬಹಳ ಮುಂಚೆಯೇ ಹುದ್ದೆಯ ಆಸರೆಯನ್ನು ಕಳೆದುಕೊಂಡಿದ್ದಿತು.

ಮೂರನೆಯದು, ಒಂದೇ ಮೂಲದ ಹೆಸರು ಪ್ರಾಂತಭೇದದಿಂದ ಒಡೆದುಹೋದುದು. ಕರಾವಳಿಯ ಸಾರಸ್ವತ ಮನೆತನಗಳಲ್ಲಿ ಕಾಣುವ ನಾಡಕರ್ಣಿ ಎಂಬುದು ‘ನಾಡ ಕರಣಿಕ’ನೇ. ಉತ್ತರ ಕರ್ನಾಟಕದ ನಾಡಗೌಡ ಎಂಬುದು ಹಳೆಯ ನಾಳ್ಗಾವುಂಡನ ನೇರ ಉತ್ತರಾಧಿಕಾರಿ. ಮರಾಠಿಯ ಪ್ರಭಾವವಿದ್ದಲ್ಲಿ ಇಂತಹ ಲೆಕ್ಕಿಗನೇ ದೇಶಪಾಂಡೆ ಎನಿಸಿದನು. ಕಳಸದಲ್ಲಿ ಹುಟ್ಟಿದ ಕವಿ ಸುಮತೀಂದ್ರ ನಾಡಿಗರ (1935–2018) ಹೆಸರನ್ನೂ, ದೂರದ ನಾಶಿಕದಲ್ಲಿ ಹುಟ್ಟಿದ ಕ್ರಿಕೆಟ್ ಆಟಗಾರ ಬಾಪು ನಾಡಕರ್ಣಿಯವರ (1933–2020) ಹೆಸರನ್ನೂ ಬಳಿಬಳಿಯಲ್ಲಿಟ್ಟು ನೋಡಿದರೆ ಕನ್ನಡದ ‘ನಾಡು’ ಎಷ್ಟು ದೂರ ಸಂಚರಿಸಿದೆಯೆಂಬುದು ವ್ಯಕ್ತವಾಗುವುದು.

ಹೊರನಾಡುಗಳ ನಿದರ್ಶನದಿಂದ ಈ ವಾದಕ್ಕೆ ಪುಷ್ಟಿ ದೊರೆಯುತ್ತದೆ. ವೇಲ್ಸ್ ದೇಶದಲ್ಲಿ ಬಹುಕಾಲ ತಂದೆಯ ಹೆಸರನ್ನೇ ಮಗನ ಹೆಸರಿಗೆ ಸೇರಿಸುತ್ತಿದ್ದರು. ‘ಮಗ’ ಎಂಬರ್ಥದ ‘ಆಪ್’ ಶಬ್ದ ಸೇರಿ ‘ಆಪ್ ರೀಸ್’ ಎಂಬುದು ಪ್ರೈಸ್ ಎಂದೂ ‘ಆಪ್ ಹೊವೆಲ್’ ಎಂಬುದು ಪೊವೆಲ್ ಎಂದೂ ನಿಂತವು. ತಂದೆಯ ಹೆಸರುಗಳು ಎಲ್ಲೆಡೆಯೂ ಕೆಲವೇ ಆದ್ದರಿಂದ ಅಲ್ಲಿ ಜೋನ್ಸ್ ಎಂಬಂತಹ ಹೆಸರುಗಳು ಅಸಂಖ್ಯ ಮನೆಗಳಿಗೆ ಹಬ್ಬಿದುವು. ಸ್ಕಾಟ್ಲೆಂಡಿನಲ್ಲಿ ಅರಮನೆಯ ಮೇಲ್ವಿಚಾರಕನ ಹುದ್ದೆಯಾದ ‘ಸ್ಟೀವರ್ಡ್’ ಎಂಬುದು ಸ್ಟೂವರ್ಟ್ ಎಂಬ ಮನೆತನವಾಗಿ, 1371ರಲ್ಲಿ ಆ ಮನೆತನವೇ ಸಿಂಹಾಸನವನ್ನೇರಿತು. ನಮ್ಮ ಹಳೆಯ ಮೈಸೂರು ಸೀಮೆಯ ಪದ್ಧತಿಯು ಇವೆರಡಕ್ಕಿಂತ ಭಿನ್ನ. ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಮುಂದಿಟ್ಟು ಬರೆಯುವ ಕ್ರಮದಲ್ಲಿ ಎಷ್ಟೋ ಕಡೆ ಮನೆತನದ ಹೆಸರು ಬರಹದಿಂದ ಜಾರಿ ಮಾತಿನಲ್ಲಷ್ಟೇ ಉಳಿಯಿತು. ಹಿಂದೆ ಬೆಂಕೀಪುರವೆನಿಸಿದ್ದ ಭದ್ರಾವತಿಯು 1923ರಲ್ಲಿ ಕಬ್ಬಿಣ ಕಾರ್ಖಾನೆಯ ಉತ್ಪಾದನೆ ಆರಂಭವಾದ ಮೇಲೆ ನಾನಾ ಪ್ರಾಂತಗಳ ಜನರು ಕೂಡಿದ ಪಟ್ಟಣವಾಯಿತು. ಊರು ಬಿಟ್ಟು ಬಂದವನಿಗೆ ಹಿಂದಿನ ಊರು ಒಂದು ಅಕ್ಷರವಾಗಿ ಉಳಿದರೆ, ಮೂರನೆಯ ತಲೆಮಾರಿಗೆ ಆ ಅಕ್ಷರದ ಅರ್ಥವೇ ಮರೆತುಹೋಗುವುದು ಸಹಜ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ನಾಡಿಗರೆಲ್ಲರೂ ಒಬ್ಬನೇ ಮೂಲಪುರುಷನ ಸಂತತಿಯೆಂದು ತಿಳಿಯಲಾಗದು. ನಾಡುಗಳು ಹಲವಿದ್ದಂತೆ ಈ ಹೆಸರೂ ಹಲವೆಡೆ ಬೇರೆ ಬೇರೆಯಾಗಿ ಹುಟ್ಟಿರಬಹುದು. ದತ್ತು ಹೋದುದರಿಂದಲೂ, ತಾಯಿಯ ಮನೆಯ ಆಸ್ತಿಗೆ ಬಂದುದರಿಂದಲೂ ಹೆಸರು ಬದಲಾದ ಸಂದರ್ಭಗಳುಂಟು. ಮನೆತನದ ಹೆಸರು ವಂಶದ ಹಿರಿಮೆಗೆ ಪ್ರಮಾಣಪತ್ರವಲ್ಲ. ಅದು ಅಳಿದುಹೋದ ಒಂದು ಆಡಳಿತ ವ್ಯವಸ್ಥೆಯ ಕುರುಹು.

ಈ ಕುರುಹುಗಳು ಈಗ ವೇಗವಾಗಿ ಅಳಿಯುತ್ತಿವೆ. ಅರ್ಜಿಗಳಲ್ಲಿ ಕೊನೆಯ ಹೆಸರನ್ನು ಕೇಳಿದಾಗ ತಂದೆಯ ಹೆಸರನ್ನೇ ಬರೆಯುವ ಯುವಕನು ತಿಳಿಯದೆಯೇ ವೇಲ್ಸಿನ ಹಾದಿಯನ್ನು ಹಿಡಿಯುತ್ತಾನೆ. ಹಳೆಯ ಮನೆಯನ್ನು ಕೆಡವುವಾಗ ಅಟ್ಟದ ಮೇಲಿನ ಕಡತಗಳು ಕಸದ ಪಾಲಾಗುತ್ತವೆ. ಕೆಳದಿಯ ವಸ್ತುಸಂಗ್ರಹಾಲಯವು ತಾಳೆಗರಿ ಮತ್ತು ಕಾಗದಪತ್ರಗಳನ್ನು ಕೂಡಿಟ್ಟು ಮಾಡಿರುವ ಸೇವೆ ಸ್ತುತ್ಯವಾದುದು. ಆದರೆ ಮನೆಮನೆಯ ನೆನಪನ್ನು ಒಂದು ಸಂಸ್ಥೆಯೇ ಸಂಗ್ರಹಿಸಲಾರದು. ನಮ್ಮ ವಿದ್ಯಾರ್ಥಿಗಳು ತಂತಮ್ಮ ಮನೆಯ ಹಿರಿಯರನ್ನು ಕೇಳಿ, ತಮ್ಮ ಹೆಸರಿನ ಮುಂದಿನ ಅಕ್ಷರಗಳು ಯಾವ ಊರಿನವು, ಬರಹದಿಂದ ಜಾರಿದ ಮನೆತನದ ಹೆಸರು ಯಾವುದು, ಅದಕ್ಕೆ ಸಂಬಂಧಿಸಿದ ಪತ್ರಗಳೇನಾದರೂ ಉಳಿದಿವೆಯೇ ಎಂಬಿಷ್ಟನ್ನು ಬರೆದಿಟ್ಟರೆ ಅದೇ ಒಂದು ಉಪಯುಕ್ತ ಸಂಶೋಧನೆಯಾದೀತು. ಹೋಬಳಿಯ ಸರ್ಕಾರಿ ಕಚೇರಿಯನ್ನು ಇಂದು ನಾವು ನಾಡಕಚೇರಿಯೆಂದು ಕರೆಯುತ್ತೇವೆ. ಹಳೆಯ ನಾಡು ಹೀಗೆ ಫಲಕದ ಮೇಲೆ ಮರಳಿ ಬಂದಿದೆ. ಅದರ ಲೆಕ್ಕವನ್ನು ಬರೆದವನ ನೆನಪು ಮಾತ್ರ ಕೆಲವು ಮನೆಗಳ ಹೆಸರಿನಲ್ಲಿಯೇ ಉಳಿದಿದೆ.