ಡಾಕಿನಿಯರ ಲಿಪಿ

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಸುವರ್ಣ ದೇಗುಲವನ್ನು ನಿಮ್ಮಲ್ಲಿ ಬಹುಮಂದಿ ನೋಡಿರಬಹುದು. ಟಿಬೆಟ್ಟಿನಿಂದ ಬಂದ ಪೆನೊರ್ ರಿನ್ಪೋಚೆಯವರು 1963ರಲ್ಲಿ ಸ್ಥಾಪಿಸಿದ ನಾಮ್‌ಡ್ರೋಲಿಂಗ್ ವಿಹಾರಕ್ಕೆ ಸೇರಿದ್ದು ಅದು. ಈ ನ್ಯಿಂಗ್ಮಾ ಪಂಥದವರ ಶ್ರದ್ಧೆಯಲ್ಲಿ ಮನುಷ್ಯರದಲ್ಲದ ಲಿಪಿಯೊಂದುಂಟು: ಡಾಕಿನಿಯರ ಲಿಪಿ. ನಮ್ಮ ಕಥೆಗಳಲ್ಲಿ ಡಾಕಿನಿ ಭಯಂಕರಿ. ಅವರಲ್ಲಿ ಜ್ಞಾನದ ಕಾವಲುಗಾರ್ತಿ.

ಎಂಟನೆಯ ಶತಮಾನದಲ್ಲಿ ಪದ್ಮಸಂಭವ ಗುರುಗಳು ಮುಂದಿನ ಕಾಲಕ್ಕೆಂದು ಉಪದೇಶಗಳನ್ನು ಬಂಡೆಗಳಲ್ಲಿ, ಸರೋವರಗಳಲ್ಲಿ ಹುದುಗಿಸಿಟ್ಟರಂತೆ. ಇವಕ್ಕೆ ‘ತೆರ್ಮ’, ಎಂದರೆ ನಿಧಿ, ಎಂದು ಹೆಸರು. ಹಳದಿ ಕಾಗದದ ಸುರುಳಿಯಲ್ಲಿ ಕೆಲವೇ ಸಂಕೇತಾಕ್ಷರಗಳು. ನಿಯತನಾದ ನಿಧಿಶೋಧಕನು ಕಂಡಾಗ ಅವೇ ಗ್ರಂಥವಾಗಿ ಅರಳುತ್ತವೆ. ಉಳಿದವರಿಗೆ ಬರಿಯ ಗೀಟುಗಳು. ಏಕೆಂದರೆ ಅರ್ಥವಿರುವುದು ಅಕ್ಷರದಲ್ಲಲ್ಲ. ಹಿಂದಿನ ಜನ್ಮದಲ್ಲಿ ಗುರುವು ಶಿಷ್ಯನ ಚಿತ್ತದಲ್ಲಿ ನೆಟ್ಟ ಬೋಧೆಯನ್ನು ಅಕ್ಷರವು ಎಚ್ಚರಿಸುತ್ತದೆ, ಅಷ್ಟೆ.

ಗುಣಾಢ್ಯನೂ ಬೃಹತ್ಕಥೆಯನ್ನು ಪೈಶಾಚಿಯಲ್ಲಿ ರಚಿಸಿದನೆಂದು ಪ್ರತೀತಿ. ಅರಸನು ತಿರಸ್ಕರಿಸಲು, ಕವಿಯು ಕಾಡಿನ ಮೃಗಪಕ್ಷಿಗಳಿಗೆ ಓದಿ ಹೇಳುತ್ತ ಒಂದೊಂದೇ ಓಲೆಯನ್ನು ಬೆಂಕಿಗಿತ್ತನಂತೆ. ಅಲ್ಲಿ ಓದುಗನು ಬರುವುದು ತಡವಾಯಿತು; ಇಲ್ಲಿ ಲಿಪಿಯೇ ಓದುಗನಿಗಾಗಿ ಕಾಯುತ್ತದೆ.

ನಾಡು ಬಿಟ್ಟು ಬಂದವರಿಗೆ ಈ ನಂಬಿಕೆ ಎಂಥ ಆಸರೆಯಾಗಿದ್ದಿರಬೇಕು! ನಮ್ಮ ಹಳಗನ್ನಡದ ಓಲೆಗಳೂ ಕಾಯುತ್ತಿವೆ. ಅವುಗಳನ್ನು ಓದಲು ಪೂರ್ವಜನ್ಮದ ನೆನಪು ಬೇಡ. ಈ ಜನ್ಮದ ಶ್ರಮ ಸಾಕು.