ಕೇಬಲ್ ಮತ್ತು ಡಿಎಸ್‌ಎಲ್ ಅಂತರಜಾಲ ಸಂಪರ್ಕಗಳ ವೇಗ

ಕೇಬಲ್ ಮತ್ತು ಡಿಎಸ್‌ಎಲ್ ಮನೆಗಳಿಗೆ ಬ್ರಾಡ್‌ಬ್ಯಾಂಡ್ ಅಂತರಜಾಲ ಸೇವೆಯನ್ನು ಒದಗಿಸುವ ಎರಡು ತಂತಿ ಆಧಾರಿತ ವಿಧಾನಗಳು. ಡಿಎಸ್‌ಎಲ್ ಎಂಬುದು 'ಡಿಜಿಟಲ್ ಸಬ್‌ಸ್ಕ್ರೈಬರ್ ಲೈನ್' ಎಂಬುದರ ಸಂಕ್ಷಿಪ್ತ ರೂಪ. ಇದು ಸ್ಥಿರ ದೂರವಾಣಿಯ ತಾಮ್ರದ ಜೋಡಿ ತಂತಿಯನ್ನು ಬಳಸುತ್ತದೆ. ಕೇಬಲ್ ಸಂಪರ್ಕವು ಕೇಬಲ್ ಟಿ.ವಿ.ಗಾಗಿ ಹಾಕಿದ ಕೋಆಕ್ಸಿಯಲ್ ತಂತಿಯನ್ನು ಬಳಸುತ್ತದೆ. ಗರಿಷ್ಠ ವೇಗದಲ್ಲಿ ಸಾಮಾನ್ಯವಾಗಿ ಕೇಬಲ್ ಮುಂದಿದೆ. ಆದರೆ ಬಳಕೆದಾರರಿಗೆ ವಾಸ್ತವವಾಗಿ ದೊರೆಯುವ ವೇಗವನ್ನು ಡಿಎಸ್‌ಎಲ್‌ನಲ್ಲಿ ಮುಖ್ಯವಾಗಿ ತಂತಿಯ ಉದ್ದವೂ ಕೇಬಲ್‌ನಲ್ಲಿ ಮುಖ್ಯವಾಗಿ ನೆರೆಹೊರೆಯವರ ಬಳಕೆಯೂ ನಿರ್ಧರಿಸುತ್ತವೆ.

ಕಾರ್ಯವಿಧಾನ

ದೂರವಾಣಿಯ ಮಾತಿಗೆ ಸುಮಾರು 4 ಕಿಲೋಹರ್ಟ್ಸ್‌ವರೆಗಿನ ಆವರ್ತನಗಳು ಸಾಕಾಗುತ್ತವೆ. ಅದೇ ತಂತಿಯಲ್ಲಿ ಇದಕ್ಕಿಂತ ಮೇಲಿನ ಆವರ್ತನಗಳನ್ನು ದತ್ತಾಂಶ ಸಾಗಣೆಗೆ ಬಳಸುವುದು ಡಿಎಸ್‌ಎಲ್‌ನ ತತ್ತ್ವ. ಎಡಿಎಸ್‌ಎಲ್ ವಿಧಾನವು ಸುಮಾರು 1.1 ಮೆಗಾಹರ್ಟ್ಸ್‌ವರೆಗೆ, ಎಡಿಎಸ್‌ಎಲ್2+ ಸುಮಾರು 2.2 ಮೆಗಾಹರ್ಟ್ಸ್‌ವರೆಗೆ ವ್ಯಾಪಿಸುತ್ತದೆ. ಮನೆಯಲ್ಲಿ ಅಳವಡಿಸುವ 'ಸ್ಪ್ಲಿಟರ್' ಎಂಬ ಸಣ್ಣ ಸಾಧನವು ಮಾತು ಮತ್ತು ದತ್ತಾಂಶಗಳನ್ನು ಬೇರ್ಪಡಿಸುವುದರಿಂದ ಎರಡನ್ನೂ ಏಕಕಾಲದಲ್ಲಿ ಬಳಸಬಹುದು.

ಕೋಆಕ್ಸಿಯಲ್ ತಂತಿಯು ನೂರಾರು ಮೆಗಾಹರ್ಟ್ಸ್ ವ್ಯಾಪ್ತಿಯ ಸಂಕೇತಗಳನ್ನು ಒಯ್ಯಬಲ್ಲದು. ಕೇಬಲ್ ಅಂತರಜಾಲವು ಟಿ.ವಿ. ವಾಹಿನಿಗೆ ಸಮನಾದ, 6 ಅಥವಾ 8 ಮೆಗಾಹರ್ಟ್ಸ್ ಅಗಲದ ಪಟ್ಟಿಗಳಲ್ಲಿ ದತ್ತಾಂಶವನ್ನು ಕಳುಹಿಸುತ್ತದೆ. ಇದಕ್ಕೆ ಬಳಕೆಯಲ್ಲಿರುವ ಮಾನಕವನ್ನು ಡಾಕ್ಸಿಸ್ ಎಂದು ಕರೆಯುತ್ತಾರೆ.

ಮಾನಕಗಳು ಮತ್ತು ಗರಿಷ್ಠ ವೇಗ

ಕೆಳಗಿನ ಅಂಕಿಗಳು ಡೌನ್‌ಲೋಡ್‌ನ ಸೈದ್ಧಾಂತಿಕ ಗರಿಷ್ಠ ಮಿತಿಗಳು.

• ಎಡಿಎಸ್‌ಎಲ್ (1999): ಸೆಕೆಂಡಿಗೆ ಸುಮಾರು 8 ಮೆಗಾಬಿಟ್
• ಎಡಿಎಸ್‌ಎಲ್2+ (2003): ಸುಮಾರು 24 ಮೆಗಾಬಿಟ್
• ವಿಡಿಎಸ್‌ಎಲ್2 (2006): ಸಾಮಾನ್ಯವಾಗಿ 100 ಮೆಗಾಬಿಟ್
• ಡಾಕ್ಸಿಸ್ 1.0 (1997): ಒಂದು ಪಟ್ಟಿಗೆ ಸುಮಾರು 40 ಮೆಗಾಬಿಟ್
• ಡಾಕ್ಸಿಸ್ 3.0 (2006): ಹಲವು ಪಟ್ಟಿಗಳ ಜೋಡಣೆಯಿಂದ ನೂರಾರು ಮೆಗಾಬಿಟ್
• ಡಾಕ್ಸಿಸ್ 3.1 (2013): 10 ಗಿಗಾಬಿಟ್

ಡಾಕ್ಸಿಸ್‌ನ ಅಂಕಿಗಳು ಒಂದು ಮನೆಗೆ ಮೀಸಲಾದವಲ್ಲ. ಆ ಭಾಗದ ಎಲ್ಲ ಗ್ರಾಹಕರು ಅವನ್ನು ಹಂಚಿಕೊಳ್ಳುತ್ತಾರೆ.

ದೂರದ ಪ್ರಭಾವ

ತಾಮ್ರದ ತಂತಿಯಲ್ಲಿ ಆವರ್ತನ ಹೆಚ್ಚಿದಂತೆ ಸಂಕೇತವು ಬೇಗನೆ ಕ್ಷೀಣಿಸುತ್ತದೆ. ಆದ್ದರಿಂದ ದೂರವಾಣಿ ವಿನಿಮಯ ಕೇಂದ್ರದ ಸಮೀಪದಲ್ಲಿರುವ ಮನೆಗೆ ಲಭಿಸುವ ವೇಗವು ದೂರದ ಮನೆಗೆ ಲಭಿಸುವುದಿಲ್ಲ. ವಿಡಿಎಸ್‌ಎಲ್2ರ ಪೂರ್ಣ ಲಾಭವು ಕೆಲವು ನೂರು ಮೀಟರುಗಳೊಳಗೆ ಮಾತ್ರ ಸಿಗುತ್ತದೆ. ಸುಮಾರು 5 ಕಿಲೋಮೀಟರಿನ ಆಚೆ ಎಡಿಎಸ್‌ಎಲ್ ಸೇವೆಯೇ ಕಷ್ಟಸಾಧ್ಯ. ಇಲ್ಲಿ ಗಣನೆಗೆ ಬರುವುದು ನೇರ ಅಂತರವಲ್ಲ, ತಂತಿ ಸಾಗುವ ದಾರಿಯ ಉದ್ದ. ಹಳೆಯ ಜೋಡಣೆಗಳು, ತೇವಾಂಶ ಮತ್ತು ಒಂದೇ ಕಟ್ಟಿನಲ್ಲಿರುವ ಇತರ ಜೋಡಿಗಳ ಅಡ್ಡಸಂಕೇತಗಳೂ ವೇಗವನ್ನು ತಗ್ಗಿಸುತ್ತವೆ. ಕೇಬಲ್ ಜಾಲದಲ್ಲಿ ಮಾರ್ಗಮಧ್ಯದ ಆಂಪ್ಲಿಫೈಯರ್‌ಗಳು ಸಂಕೇತವನ್ನು ವರ್ಧಿಸುವುದರಿಂದ ಮನೆಯ ದೂರವು ಇಷ್ಟು ನಿರ್ಣಾಯಕವಲ್ಲ.

ಹಂಚಿಕೆಯ ಪ್ರಭಾವ

ಸಂಜೆಯ ವೇಳೆ ಹೆಚ್ಚಿನವರು ಒಟ್ಟಿಗೆ ವೀಡಿಯೊ ವೀಕ್ಷಿಸಿದಾಗ ಕೇಬಲ್ ಸಂಪರ್ಕದ ವೇಗ ಕುಸಿಯಬಹುದು. ಸೇವಾದಾರರು ಒಂದು ಭಾಗದ ಮನೆಗಳನ್ನು ಚಿಕ್ಕ ಗುಂಪುಗಳಾಗಿ ವಿಭಜಿಸಿ ಇದನ್ನು ಪರಿಹರಿಸುತ್ತಾರೆ. ಡಿಎಸ್‌ಎಲ್ ತಂತಿಯು ಒಂದೇ ಮನೆಗೆ ಮೀಸಲಾಗಿರುವುದರಿಂದ ಅದರಲ್ಲಿ ಹಂಚಿಕೆಯೇ ಇಲ್ಲವೆಂಬ ಅಭಿಪ್ರಾಯ ಪ್ರಚಲಿತವಾಗಿದೆ. ಇದು ಭಾಗಶಃ ಮಾತ್ರ ಸರಿ. ವಿನಿಮಯ ಕೇಂದ್ರದಲ್ಲಿ ಎಲ್ಲ ಗ್ರಾಹಕರ ದತ್ತಾಂಶವನ್ನು ಒಟ್ಟುಗೂಡಿಸುವ ಸಾಧನದಿಂದ ಮುಂದಿನ ಮಾರ್ಗವು ಹಂಚಿಕೆಯದ್ದೇ ಆಗಿರುತ್ತದೆ.

ಅಪ್‌ಲೋಡ್ ವೇಗ

ಎರಡೂ ವಿಧಾನಗಳಲ್ಲಿ ಅಪ್‌ಲೋಡ್ ವೇಗವು ಡೌನ್‌ಲೋಡ್‌ಗಿಂತ ಸಾಮಾನ್ಯವಾಗಿ ಬಹಳ ಕಡಿಮೆ. ಎಡಿಎಸ್‌ಎಲ್2+ನಲ್ಲಿ ಇದು ಸಾಮಾನ್ಯವಾಗಿ 1 ಮೆಗಾಬಿಟ್‌ನ ಆಸುಪಾಸಿನಲ್ಲಿರುತ್ತದೆ. ಕೇಬಲ್‌ನಲ್ಲಿ ಅಪ್‌ಲೋಡ್‌ಗೆ ಕೆಳಗಿನ ಕಿರಿದಾದ ಆವರ್ತನ ಪಟ್ಟಿಯನ್ನು ಮೀಸಲಿಡಲಾಗುತ್ತದೆ. ಎಲ್ಲ ಮನೆಗಳಿಂದ ಬರುವ ವಿದ್ಯುತ್ ಗದ್ದಲವೂ ಅಲ್ಲಿಯೇ ಬಂದು ಸೇರುತ್ತದೆ. ವೀಡಿಯೊ ಕರೆ, ಆನ್‌ಲೈನ್ ತರಗತಿ ಮತ್ತು ಮನೆಯಿಂದ ಕೆಲಸ ಮಾಡುವವರಿಗೆ ಈ ಮಿತಿಯು ಜಾಹೀರಾತಿನ ಡೌನ್‌ಲೋಡ್ ವೇಗಕ್ಕಿಂತ ಹೆಚ್ಚು ಮಹತ್ವದ್ದಾಗಬಹುದು.

ಭಾರತದಲ್ಲಿ

ಭಾರತದ 2004ರ ಬ್ರಾಡ್‌ಬ್ಯಾಂಡ್ ನೀತಿಯು ಕನಿಷ್ಠ ವೇಗವನ್ನು ಸೆಕೆಂಡಿಗೆ 256 ಕಿಲೋಬಿಟ್ ಎಂದು ನಿಗದಿಪಡಿಸಿತು. ಈ ಮಿತಿಯನ್ನು 2013ರಲ್ಲಿ 512 ಕಿಲೋಬಿಟ್‌ಗೆ ಹಾಗೂ 2023ರಲ್ಲಿ 2 ಮೆಗಾಬಿಟ್‌ಗೆ ಏರಿಸಲಾಯಿತು. ಬಿಎಸ್‌ಎನ್‌ಎಲ್ 2005ರಲ್ಲಿ ತನ್ನ ದೂರವಾಣಿ ತಂತಿಗಳ ಮೂಲಕ ಡಿಎಸ್‌ಎಲ್ ಸೇವೆಯನ್ನು ಆರಂಭಿಸಿತು. ಮನೆಗಳು ಚದುರಿರುವ ಮಲೆನಾಡಿನಂತಹ ಪ್ರದೇಶಗಳಲ್ಲಿ ತಂತಿಯ ಉದ್ದವೇ ಇಂತಹ ಸೇವೆಗೆ ಮುಖ್ಯ ತೊಡಕು. ನಗರಗಳಲ್ಲಿ 'ಕೇಬಲ್ ಇಂಟರ್ನೆಟ್' ಎಂದು ಕರೆಯಲ್ಪಡುವ ಸೇವೆಗಳೆಲ್ಲವೂ ಡಾಕ್ಸಿಸ್ ಆಧಾರಿತವಲ್ಲ. ಸ್ಥಳೀಯ ಕೇಬಲ್ ಆಪರೇಟರುಗಳು ಕಟ್ಟಡದಿಂದ ಕಟ್ಟಡಕ್ಕೆ ಎಳೆದ ಈಥರ್‌ನೆಟ್ ತಂತಿಯ ಸಂಪರ್ಕಗಳಿಗೂ ಅದೇ ಹೆಸರು ಬಳಕೆಯಲ್ಲಿದೆ. ಇತ್ತೀಚಿನ ವರ್ಷಗಳಲ್ಲಿ ಈ ಎರಡೂ ವಿಧಾನಗಳ ಸ್ಥಾನವನ್ನು ಆಪ್ಟಿಕಲ್ ಫೈಬರ್ ಆಕ್ರಮಿಸುತ್ತಿದೆ.

ವೇಗದ ಅಳತೆ

ಸಂಪರ್ಕದ ವೇಗವನ್ನು ಬಿಟ್‌ಗಳಲ್ಲಿ, ಕಡತದ ಗಾತ್ರವನ್ನು ಬೈಟ್‌ಗಳಲ್ಲಿ ಸೂಚಿಸುವುದು ವಾಡಿಕೆ. 8 ಬಿಟ್‌ಗಳು ಒಂದು ಬೈಟ್‌ಗೆ ಸಮ. ಆದ್ದರಿಂದ 8 ಮೆಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 1 ಮೆಗಾಬೈಟ್ ದೊರೆಯುತ್ತದೆ. ವೈ-ಫೈ ದುರ್ಬಲವಾಗಿದ್ದರೆ ಅಳತೆ ಇನ್ನೂ ಕಡಿಮೆ ತೋರುವುದರಿಂದ, ಮೋಡೆಮ್‌ಗೆ ಗಣಕವನ್ನು ತಂತಿಯಿಂದಲೇ ಜೋಡಿಸಿ, ದಿನದ ಬೇರೆ ಬೇರೆ ವೇಳೆಗಳಲ್ಲಿ ಪರೀಕ್ಷಿಸುವುದು ಹೆಚ್ಚು ವಿಶ್ವಾಸಾರ್ಹ. ಎಲ್ಲ ವೇಳೆಯಲ್ಲೂ ವೇಗ ಕಡಿಮೆಯಿದ್ದರೆ ತಂತಿಯಲ್ಲಿ ದೋಷವಿರಬಹುದು. ಸಂಜೆ ಮಾತ್ರ ಕುಸಿಯುತ್ತಿದ್ದರೆ ಹಂಚಿಕೆಯ ಒತ್ತಡವೇ ಕಾರಣವಾಗಿರುವ ಸಾಧ್ಯತೆ ಹೆಚ್ಚು.