ಎಸ್ಸೆಸ್ಸೆಲ್ಸಿ: ಪರೀಕ್ಷೆ-2ಕ್ಕಿರುವ ದಿನಗಳನ್ನ ಕೈ ಬಿಡಬ್ಯಾಡ್ರಿ

ಹತ್ತನೇತ್ತ ಫೇಲಾದರೆ ಒಂದು ವರ್ಷ ಹೋತು ಅನ್ನೋದು ಈಗ ಹಳೇ ಲೆಕ್ಕ. 2023-24ರಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಮೂರು ಪರೀಕ್ಷೆಯ ಪದ್ಧತಿ ತಂದಿತು. ಪರೀಕ್ಷೆ-1ರಲ್ಲಿ ಹೋದ ವಿಷಯವನ್ನು 2ರಲ್ಲಿ ಬರೆಯಬಹುದು. ಪಾಸಾದವರೂ ಅಂಕ ಸಾಲದು ಅನ್ನಿಸಿದರೆ ಮತ್ತೆ ಕೂಡಬಹುದು. ಹೆಚ್ಚು ಬಂದ ಅಂಕವೇ ಉಳಿಯುತ್ತದೆ.

ತೊಡಕಿರುವುದು ದಿನಗಳಲ್ಲಿ. 2025ರಲ್ಲಿ ಪರೀಕ್ಷೆ-1 ಮಾರ್ಚ್ 21ರಿಂದ ಏಪ್ರಿಲ್ 4ರ ತನಕ ನಡೆಯಿತು. ಫಲಿತಾಂಶ ಬಂದದ್ದು ಮೇ 2ಕ್ಕೆ, ಪರೀಕ್ಷೆ-2 ಶುರುವಾದದ್ದು ಮೇ 26ಕ್ಕೆ. ಅಂದರೆ ಇದ್ದದ್ದು 24 ದಿನ. ಹೆಸರು ನೋಂದಾಯಿಸಲು ಸಿಗುವುದು ಅದರಲ್ಲೂ ಮೊದಲ ಕೆಲವೇ ದಿನ. ಮದುವಿ ಸೀಸನ್, ಬಿಸಿಲು, ಮನೆಯಲ್ಲಿ ಬೈಗುಳ ಎಲ್ಲಾ ಅದೇ ಹೊತ್ತಿಗೆ. "ಇನ್ನೇನು, ಕೆಲಸಕ್ಕ ಹೋಗ್ಲಿ ಬಿಡ್ರಿ" ಅಂತ ಹುಡುಗನನ್ನು ಗೋವಾಕ್ಕೋ ಪುಣೆಗೋ ಕಳಿಸಿಬಿಟ್ಟರೆ ನೋಂದಣಿ ತಪ್ಪುತ್ತದೆ. ಫಲಿತಾಂಶ ಬಂದ ಮರುದಿನವೇ ಓದಿದ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರನ್ನು ಕಾಣಬೇಕು. ಹುಡುಗ ಮುಖ ತೋರಿಸಲು ನಾಚಿದರೆ ಅಪ್ಪ, ಅವ್ವ, ಕಾಕಾ ಯಾರಾದರೂ ಹೋಗಲಿ.

ಪಾಸಿನ ಲೆಕ್ಕವೂ ಬದಲಾಗಿದೆ. ಎಸ್ಸೆಸ್ಸೆಲ್ಸಿ ಒಟ್ಟು 625 ಅಂಕ. ಪ್ರಥಮ ಭಾಷೆ 125, ಉಳಿದ ಐದು ವಿಷಯ ತಲಾ 100. ಮೊದಲು ಶೇ 35 ಬೇಕಿತ್ತು. 2025-26ರ ಸಾಲಿನಿಂದ ಒಟ್ಟಾರೆ ಶೇ 33, ಅಂದರೆ 625ಕ್ಕೆ 206 ಬಂದರೆ ಸಾಕು, ಆದರೆ ಪ್ರತಿ ವಿಷಯದಲ್ಲೂ ಕನಿಷ್ಠ ಶೇ 30 ಇರಲೇಬೇಕು. ಪಿಯುಸಿಗೆ ಇದೇ ಲೆಕ್ಕದಲ್ಲಿ 600ಕ್ಕೆ 198. ಎಸ್ಸೆಸ್ಸೆಲ್ಸಿಯಲ್ಲಿ ಲಿಖಿತ ಅಂಕದ ಜೊತೆ ಆಂತರಿಕ ಅಂಕವೂ ಸೇರುತ್ತದೆ: ಪ್ರಥಮ ಭಾಷೆಗೆ 25, ಉಳಿದವಕ್ಕೆ 20. ಈ ಅಂಕ ಮಾರ್ಚ್‌ನಲ್ಲಿ ಬರುವುದಲ್ಲ, ವರ್ಷವಿಡೀ ಕ್ಲಾಸಿನ ಕಿರುಪರೀಕ್ಷೆ, ಚಟುವಟಿಕೆಗಳಿಂದ ಕೂಡುವಂಥದ್ದು. ವಾರಕ್ಕೆರಡು ದಿನ ಸಾಲಿ ತಪ್ಪಿಸಿ ಗಲ್ಲಾಪೆಟ್ಟಿಗೆ ಮೇಲೆ ಕೂಡಿಸಿದ ಮಗನಿಗೆ ಮೊದಲು ಹೊಡೆತ ಬೀಳುವುದು ಇಲ್ಲೇ.

ಲೆಕ್ಕ ಸಡಿಲಾಯಿತು ಅಂತ ಮೈಮರೆಯುವ ಹಾಗೂ ಇಲ್ಲ. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದು ವೆಬ್‌ಕಾಸ್ಟಿಂಗ್ ಶುರುವಾದದ್ದು 2024ರಲ್ಲಿ. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ ಆ ವರ್ಷ ಕೃಪಾಂಕ ಕೊಟ್ಟ ಮೇಲೂ ಶೇ 73.40ಕ್ಕೆ ಇಳಿಯಿತು. 2025ರಲ್ಲಿ ಕೃಪಾಂಕ ತೆಗೆದರು, ಪರೀಕ್ಷೆ-1ರ ಫಲಿತಾಂಶ ಶೇ 66.14. ಚೀಟಿ ನಂಬಿದವರ ಕಾಲ ಮುಗಿಯಿತು. ಅದೇ 2025ರಲ್ಲಿ ಬೈಲಹೊಂಗಲ ತಾಲ್ಲೂಕಿನ ದೇವಲಾಪುರ ಸರ್ಕಾರಿ ಪ್ರೌಢಶಾಲೆಯ ವಿದ್ಯಾರ್ಥಿನಿ 625ಕ್ಕೆ 625 ತೆಗೆದಳು. ಹಿಂದಿನ ವರ್ಷ ಅಷ್ಟೂ ಅಂಕ ತೆಗೆದವಳು ಮುಧೋಳ ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಹುಡುಗಿ. ಧಾರವಾಡದ ಟ್ಯೂಷನ್ ಇಲ್ಲದೆ ಆಗೋದಿಲ್ಲ ಅನ್ನುವವರು ಇವೆರಡನ್ನೂ ನೆನಪಿಡಲಿ.

ಕಷ್ಟದ ವಿಷಯದಲ್ಲಿ ಅಂಚಿನಲ್ಲಿರುವ ಮಕ್ಕಳು ಇಡೀ ಪುಸ್ತಕ ಹಿಡಿದು ಕೂಡುವುದಕ್ಕಿಂತ ಕೈಗೆ ಸಿಗುವ ಅಂಕದಿಂದ ಶುರು ಮಾಡುವುದು ಒಳ್ಳೆಯದು. ಗಣಿತದಲ್ಲಿ ನಕ್ಷೆ ಎಳೆಯುವ ಲೆಕ್ಕ, ಥೇಲ್ಸ್ ಪ್ರಮೇಯ, ಸೂತ್ರ ಹಾಕಿ ಬಿಡಿಸುವ ವರ್ಗಸಮೀಕರಣ. ವಿಜ್ಞಾನದಲ್ಲಿ ಭಾಗ ಗುರುತಿಸುವ ಚಿತ್ರಗಳು. ಸಮಾಜ ವಿಜ್ಞಾನದಲ್ಲಿ ಭಾರತದ ನಕ್ಷೆ. ಇವನ್ನು ಓದಿದರಾಗದು, ದಿನಾ ಬರೆದು ಕೈಗೆ ರೂಢಿ ಮಾಡಬೇಕು. ಮಾದರಿ ಪ್ರಶ್ನೆಪತ್ರಿಕೆ, ಹಿಂದಿನ ವರ್ಷಗಳ ಪತ್ರಿಕೆ ಮಂಡಲಿಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಗಡಿಯಾರ ಎದುರಿಗಿಟ್ಟು ವಾರಕ್ಕೊಂದು ಬರೆಸಿ, ಶಾಲೆಯ ಮಾಸ್ತರರಿಗೆ ತೋರಿಸಿದರೆ ಗೈಡ್ ಕೊಳ್ಳುವ ಖರ್ಚೂ ಉಳಿಯುತ್ತದೆ. ಪರೀಕ್ಷೆಯ ದಿನ ಮೊದಲ 15 ನಿಮಿಷ ಪ್ರಶ್ನೆಪತ್ರಿಕೆ ಓದಲಿಕ್ಕೇ ಕೊಡುತ್ತಾರೆ. ಯಾವುದನ್ನು ಮೊದಲು ಬರೆಯಬೇಕು ಅನ್ನೋದನ್ನ ಆಗಲೇ ಗುರುತು ಹಾಕಿಕೊಳ್ಳಬೇಕು.

ಇನ್ನು ಊರಿನವರ ಪಾಲು. ಓದುವ ದಿನಗಳೂ ದುಡಿಮೆಯ ದಿನಗಳೂ ಇಲ್ಲಿ ಒಂದಕ್ಕೊಂದು ಅಡ್ಡ ಬರುತ್ತವೆ. ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಕಾಯಿ, ಭಂಡಾರದ ಅಂಗಡಿಗಳಿಗೆ ಭಾರತ ಹುಣ್ಣಿಮೆಯ ಭರಾಟೆ ಫೆಬ್ರುವರಿ ಹೊತ್ತಿಗೆ. ಹೋಳಿಗೆ ಓಣಿ ಓಣಿಯಲ್ಲಿ ಹಲಗಿ. ಯುಗಾದಿ ವ್ಯಾಪಾರ ಹೆಚ್ಚಾಗಿ ಪರೀಕ್ಷೆಯ ನಡುವೆಯೇ ಬರುತ್ತದೆ, 2025ರಲ್ಲಿ ಮಾರ್ಚ್ 30ಕ್ಕಿತ್ತು. ರಾಮದುರ್ಗದ ನೇಕಾರರ ಮನೆಯಲ್ಲಿ ಮಗ್ಗದ ಕೆಲಸಕ್ಕೆ ಹಬ್ಬ-ಪರೀಕ್ಷೆ ಗೊತ್ತಿಲ್ಲ. ಕಿತ್ತೂರಿನ ಹೆದ್ದಾರಿ ಬದಿಯ ಹೋಟೆಲುಗಳಿಗೆ ರಾತ್ರಿಯೇ ಗಿರಾಕಿ ಜಾಸ್ತಿ. ಸ್ವಂತ ಮಗನಾಗಲಿ, ಕೆಲಸಕ್ಕೆ ಬರುವ ಹುಡುಗನಾಗಲಿ, ಫೆಬ್ರುವರಿ, ಮಾರ್ಚ್ ಎರಡು ತಿಂಗಳು ಸಂಜೆ ಆರರ ಮೇಲೆ ಬಿಟ್ಟುಬಿಡುವುದು ಅಂಗಡಿಯವರ ಕೈಯಲ್ಲೇ ಇದೆ. ಮೇ ತಿಂಗಳಲ್ಲಿ "ಎಷ್ಟು ವಿಷಯ ಹೋಗ್ಯಾವಪಾ, ಹೆಸರು ಕೊಟ್ಟೀಯೇನು?" ಅಂತ ಒಂದು ಮಾತು ಕೇಳಿದರೂ ಉಪಯೋಗವಿದೆ.

ಪರೀಕ್ಷಾ ದಿನಗಳಲ್ಲಿ ಕೇಂದ್ರದ ಸುತ್ತ 200 ಮೀಟರ್ ನಿಷೇಧಾಜ್ಞೆ ಹಾಕಿ ಝೆರಾಕ್ಸ್ ಅಂಗಡಿ ಮುಚ್ಚಿಸುವುದು ರೂಢಿ. ಅಂಥ ಅಂಗಡಿಯವರು ದಿನ, ವೇಳೆ ಮೊದಲೇ ವಿಚಾರಿಸಿಕೊಳ್ಳುವುದು ಒಳಿತು. ರಾತ್ರಿ 10ರಿಂದ ಬೆಳಗಿನ 6ರ ತನಕ ಧ್ವನಿವರ್ಧಕ ಹಚ್ಚುವುದಕ್ಕೆ ವರ್ಷವಿಡೀ ನಿರ್ಬಂಧವಿದೆ. ತೊಂದರೆಯಾದರೆ 112ಕ್ಕೆ ಫೋನ್ ಮಾಡಬಹುದು.

ಬಸ್ಸಿನ ವಿಷಯ: ಹುಡುಗಿಯರಿಗೆ ಶಕ್ತಿ ಯೋಜನೆ ಇದ್ದೇ ಇದೆ. ಹಿಂದಿನ ವರ್ಷಗಳಲ್ಲಿ ಪ್ರವೇಶ ಪತ್ರ ತೋರಿಸಿದ ಗಂಡುಹುಡುಗರನ್ನೂ ಸಾರಿಗೆ ಸಂಸ್ಥೆ ಪರೀಕ್ಷಾ ಕೇಂದ್ರಕ್ಕೆ ಪುಕ್ಕಟೆ ಒಯ್ದಿದೆ. ಪತ್ರದ ಎರಡು ಝೆರಾಕ್ಸ್ ತೆಗೆಸಿ ಒಂದನ್ನು ಮನೆಯಲ್ಲಿಡಿ.

ಫಲಿತಾಂಶದ ದಿನ ಮಕ್ಕಳನ್ನು ಒಂಟಿಯಾಗಿ ಬಿಡಬ್ಯಾಡ್ರಿ. ಮಗು ಊಟ ಬಿಟ್ಟು, ಮಾತು ಬಿಟ್ಟು ಕೂತರೆ ಟೆಲಿ ಮಾನಸ್ 14416ಕ್ಕೆ ಫೋನ್ ಹಚ್ಚಿ. ಹಗಲು-ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳೇ ಫೋನ್ ಮಾಡುವುದಾದರೆ 1098 ಕೂಡ ಇದೆ.